ಏರಿನಲ್ಲಿ ಸೋಲುವ ಒಂದೇ ಕಾಲು: ಸೈಕಲ್ ಸವಾರರ ಇಲಿಯಾಕ್ ರಕ್ತನಾಳಕ್ಕೆ ಆಪರೇಷನ್ ಬೇಕೇ?

ಏರು ಹತ್ತುವಾಗ ಉಸಿರು ಇನ್ನೂ ಹಿಡಿತದಲ್ಲಿರುತ್ತದೆ, ಆದರೆ ಒಂದು ಕಾಲು ಸೋತುಬಿಡುತ್ತದೆ. ತೊಡೆ ಬಿಗಿದು ಉರಿಯುತ್ತದೆ, ಮೀನಖಂಡ ಊದಿಕೊಂಡಂತೆ ಅನಿಸುತ್ತದೆ, ಪಾದ ಮರಗಟ್ಟುತ್ತದೆ, ಪೆಡಲ್ ಒತ್ತಲು ಹೋದರೆ ಬಲವೇ ಬರುವುದಿಲ್ಲ. ಇಳಿದು ಎರಡು ಮೂರು ನಿಮಿಷ ನಿಂತರೆ ಎಲ್ಲ ಮಾಯವಾಗುತ್ತದೆ. ಮತ್ತೆ ಅದೇ ವೇಗಕ್ಕೆ ಹೋದರೆ ಮತ್ತೆ ಅದೇ ಕಾಲು, ಅದೇ ಜಾಗ. ವರ್ಷಗಟ್ಟಲೆ ಜೋರಾಗಿ ಸೈಕಲ್ ತುಳಿದವರಲ್ಲಿ ಈ ಲಕ್ಷಣ ಕಂಡರೆ ಹೊಟ್ಟೆಯ ಕೆಳಭಾಗದಿಂದ ಕಾಲಿಗೆ ರಕ್ತ ಒಯ್ಯುವ ಎಕ್ಸ್‌ಟರ್ನಲ್ ಇಲಿಯಾಕ್ ಅಪಧಮನಿಯ ಮೇಲೆ ಅನುಮಾನ ಹೋಗಬೇಕು. ಹೆಚ್ಚಿನ ಸಲ ಹೋಗುವುದಿಲ್ಲ. ಬೆನ್ನು ನೋವು, ಸಯಾಟಿಕಾ, ಸ್ನಾಯು ಸೆಳೆತ, ಸೀಟಿನ ಎತ್ತರ ಸರಿಯಿಲ್ಲ ಎಂದು ಒಂದೊಂದೇ ಹೆಸರು ಬದಲಾಗುತ್ತಾ ಎರಡು ಮೂರು ವರ್ಷ ಕಳೆದುಹೋಗುವುದು ಈ ಕಾಯಿಲೆಯಲ್ಲಿ ಮಾಮೂಲು.

ಕೊನೆಗೊಮ್ಮೆ ಕಾಯಿಲೆಗೆ ಸರಿಯಾದ ಹೆಸರು ಸಿಕ್ಕಿದ ಮೇಲೆ ಎದುರಾಗುವ ಪ್ರಶ್ನೆ ಆಪರೇಷನ್ನಿನದು. ಇದರಲ್ಲಿ ಮೊದಲೇ ತಿಳಿದಿರಬೇಕಾದ ಮಾತೊಂದಿದೆ. ಆಪರೇಷನ್ ಮಾಡಿಸದಿದ್ದರೆ ಕಾಲು ಕಳೆದುಕೊಳ್ಳುವ ಪ್ರಸಂಗ ತೀರಾ ಅಪರೂಪ. ನಡೆದಾಡಲು, ಮೆಟ್ಟಿಲು ಹತ್ತಲು, ಆಫೀಸಿಗೆ ಸೈಕಲ್ಲಿನಲ್ಲಿ ಹೋಗಿಬರಲು ಈ ರಕ್ತನಾಳ ಇದ್ದ ಹಾಗೆಯೇ ಸಾಕಾಗುತ್ತದೆ. ಆಪರೇಷನ್ನಿನಿಂದ ವಾಪಸು ಸಿಗುವುದು ಪೂರ್ತಿ ಶಕ್ತಿ ಹಾಕಿ ತುಳಿಯುವ ಸಾಮರ್ಥ್ಯ. ಹಾಗಾಗಿ ಹೃದಯದ ಅಡಚಣೆಗೆ ಕೂಡಲೇ ಮಾಡಿಸುವ ಆಪರೇಷನ್ನಿನ ಹಾಗೆ ಇದಕ್ಕೆ ಆತುರಪಡುವ ಕಾರಣವಿಲ್ಲ. ಕೂತು ಯೋಚಿಸಲು ಸಮಯವಿದೆ, ಆ ಸಮಯವನ್ನು ಬಳಸಿಕೊಳ್ಳಬೇಕು.

ನಾಳದಲ್ಲಿ ಆಗುವುದೇನು

ಹೊಟ್ಟೆಯ ದೊಡ್ಡ ಅಪಧಮನಿ ಹೊಕ್ಕುಳಿನ ಹತ್ತಿರ ಎರಡಾಗಿ ಒಡೆಯುತ್ತದೆ. ಆ ಪ್ರತಿ ಕವಲೂ ಮತ್ತೆ ಎರಡಾಗಿ, ಒಂದು ಸೊಂಟದ ಒಳಭಾಗಕ್ಕೆ, ಇನ್ನೊಂದು ತೊಡೆಸಂದಿನ ಕಡೆಗೆ ಇಳಿಯುತ್ತದೆ. ಈ ಎರಡನೆಯದೇ ಎಕ್ಸ್‌ಟರ್ನಲ್ ಇಲಿಯಾಕ್. ಇದು ಸೋಯಾಸ್ ಎಂಬ ದಪ್ಪ ಸ್ನಾಯುವಿನ ಪಕ್ಕದಲ್ಲಿ ಹಾದು, ತೊಡೆಸಂದಿನ ಗಟ್ಟಿ ಪಟ್ಟಿಯ ಕೆಳಗೆ ನುಸುಳಿ ತೊಡೆಯ ನಾಳವಾಗುತ್ತದೆ. ಆ ಸ್ನಾಯುವಿಗೆ ಹೋಗುವ ಸಣ್ಣ ಕವಲುಗಳೂ ಸುತ್ತಲಿನ ನಾರಿನ ಅಂಗಾಂಶವೂ ನಾಳವನ್ನು ಒಂದು ಕಡೆ ಹಿಡಿದು ಕಟ್ಟಿದಂತೆ ಇಟ್ಟಿರುತ್ತವೆ. ಸವಾರ ಬೆನ್ನು ಬಗ್ಗಿಸಿ ಮೊಣಕಾಲನ್ನು ಎದೆಯ ಕಡೆಗೆ ತಂದಾಗಲೆಲ್ಲ ನಾಳ ಅಲ್ಲಿ ಬಾಗುತ್ತದೆ.

ನಿಮಿಷಕ್ಕೆ 90 ಸುತ್ತು ತುಳಿದರೆ ಗಂಟೆಗೆ 5,400 ಸಲ. ವರ್ಷಕ್ಕೆ 20,000 ಕಿಮೀ ಓಡಿಸುವವರಿಗೆ, ಗಂಟೆಗೆ 30 ಕಿಮೀ ವೇಗ ಎಂದಿಟ್ಟುಕೊಂಡರೆ, ಒಂದೊಂದು ಕಾಲಿಗೂ 36 ಲಕ್ಷ ಬಾಗುವಿಕೆ. ಜೊತೆಗೆ ರಕ್ತದ ಹರಿವು. ಸುಮ್ಮನೆ ಕೂತಾಗ ಒಂದು ಕಾಲಿಗೆ ನಿಮಿಷಕ್ಕೆ ಅರ್ಧ ಲೀಟರಿಗಿಂತ ಕಡಿಮೆ ಸಾಕು. ಪಳಗಿದ ಸವಾರ ಜೀವ ಬಿಟ್ಟು ತುಳಿಯುವಾಗ ಅದು ಎಂಟು ಹತ್ತು ಲೀಟರಿಗೆ ಏರುತ್ತದೆ. ಬಾಗಿದ ನಾಳದಲ್ಲಿ ಇಷ್ಟು ರಕ್ತ ಹೆಚ್ಚಿದ ಒತ್ತಡದಲ್ಲಿ ನುಗ್ಗುವಾಗ ಒಳಗೋಡೆಗೆ ಪೆಟ್ಟು ಬೀಳುತ್ತದೆ, ಗೋಡೆ ವರ್ಷಗಳಲ್ಲಿ ನಾರುನಾರಾಗಿ ದಪ್ಪವಾಗುತ್ತದೆ. ಇದಕ್ಕೇ ಎಂಡೋಫೈಬ್ರೋಸಿಸ್ ಎನ್ನುವುದು. ಕೊಬ್ಬು ಸೇರಿ ನಾಳ ಕಟ್ಟುವ ಸಾಮಾನ್ಯ ಕಾಯಿಲೆಗೂ ಇದಕ್ಕೂ ಸಂಬಂಧವಿಲ್ಲ. ಇಲ್ಲಿ ಕೊಲೆಸ್ಟ್ರಾಲ್ ಗಂಟಾಗಲಿ ಸುಣ್ಣದ ಪದರವಾಗಲಿ ಇರುವುದಿಲ್ಲ. ಆದ್ದರಿಂದ ಕೊಲೆಸ್ಟ್ರಾಲ್ ಇಳಿಸುವ ಮಾತ್ರೆಯಿಂದ ಈ ಗೋಡೆ ತೆಳುವಾದೀತು ಎಂದು ನಂಬಲು ಆಧಾರವಿಲ್ಲ.

ಫ್ರಾನ್ಸ್‌ನ ಲಿಯೋನ್ ನಗರದ ಶಸ್ತ್ರವೈದ್ಯರು 1980ರ ದಶಕದ ಮಧ್ಯಭಾಗದಲ್ಲಿ ಸ್ಪರ್ಧಾಳು ಸವಾರರಲ್ಲಿ ಇದನ್ನು ವಿವರಿಸಿದರು. ಆಮೇಲೆ ನೆದರ್ಲ್ಯಾಂಡ್ಸ್‌ನ ವೆಲ್ಡ್‌ಹೋವನ್‌ನ ತಂಡ ಇನ್ನೊಂದು ಸಂಗತಿಯನ್ನು ಎತ್ತಿ ತೋರಿಸಿತು: ಗೋಡೆ ದಪ್ಪವಾಗದೆಯೂ ಹರಿವು ತಡೆಯಬಹುದು. ತೋಟಕ್ಕೆ ನೀರು ಬಿಡುವ ಪೈಪು ಮಡಚಿಕೊಂಡಾಗ ಆಗುವಂತೆ, ನಾಳ ಉದ್ದವಾಗಿ ಬೆಳೆದು ಸೊಂಟ ಬಾಗಿದಾಗ ಮಡಿಕೆ ಬೀಳುತ್ತದೆ. ಕಾಲು ಚಾಚಿ ಮಲಗಿದರೆ ಮಡಿಕೆ ಬಿಚ್ಚಿಕೊಳ್ಳುತ್ತದೆ, ಸ್ಕ್ಯಾನಿನಲ್ಲಿ ಏನೂ ಕಾಣುವುದಿಲ್ಲ. ಹಲವರಲ್ಲಿ ಎರಡೂ ಸೇರಿರುತ್ತವೆ. ವೃತ್ತಿಪರ ಸವಾರರಲ್ಲಿ ಐವರಲ್ಲಿ ಒಬ್ಬರಿಗೆ ಯಾವುದೋ ಒಂದು ಪ್ರಮಾಣದ ಹರಿವಿನ ತೊಂದರೆ ಇರಬಹುದು ಎಂದು ಡಚ್ ವೈದ್ಯರು ಅಂದಾಜಿಸಿದ್ದಾರೆ. ಮಡಿಕೆಯೋ, ದಪ್ಪವಾದ ಗೋಡೆಯೋ, ಹೆಚ್ಚಾದ ಉದ್ದವೋ ಎಂಬುದನ್ನು ನೆನಪಿಟ್ಟುಕೊಳ್ಳಿ. ಯಾವ ಆಪರೇಷನ್ ಎಂಬುದು ಪೂರ್ತಿ ಇದರ ಮೇಲೆಯೇ ನಿಂತಿದೆ.

ಪರೀಕ್ಷೆ: ಇಲ್ಲಿಯೇ ಹೆಚ್ಚು ಎಡವುವುದು

ಆಸ್ಪತ್ರೆಯಲ್ಲಿ ಮಲಗಿಸಿ ಕಾಲಿನ ಡಾಪ್ಲರ್, ಅಂದರೆ ಶಬ್ದತರಂಗದಿಂದ ರಕ್ತದ ಹರಿವು ನೋಡುವ ಪರೀಕ್ಷೆ, ಮಾಡುತ್ತಾರೆ. ನಾಡಿ ಚೆನ್ನಾಗಿದೆ, ಹರಿವು ಚೆನ್ನಾಗಿದೆ, ವರದಿ ನಾರ್ಮಲ್. ಈ ನಾರ್ಮಲ್ ವರದಿಯಿಂದ ಏನೂ ಸಾಬೀತಾಗುವುದಿಲ್ಲ. ಈ ಕಾಯಿಲೆಯಲ್ಲಿ ನಾಳ ಸಾಮಾನ್ಯವಾಗಿ ಅರ್ಧದಷ್ಟು ಮಾತ್ರ ಸಣ್ಣಗಾಗಿರುತ್ತದೆ, ವಿಶ್ರಾಂತಿಯ ಹರಿವಿಗೆ ಅದು ಅಡ್ಡಿಯೇ ಅಲ್ಲ. ವಯಸ್ಸಾದವರ ಕಾಲುನೋವಿಗೆಂದು ಇರುವ ಟ್ರೆಡ್‌ಮಿಲ್ ಪರೀಕ್ಷೆಯೂ ಸಾಲದು. ಗಂಟೆಗೆ ಮೂರು ಚಿಲ್ಲರೆ ಕಿಮೀ ನಡಿಗೆಯಲ್ಲಿ ಸವಾರನ ಕಾಲಿಗೆ ಶ್ರಮವೇ ಆಗುವುದಿಲ್ಲ, ಸೊಂಟವೂ ಬಾಗುವುದಿಲ್ಲ.

ಬೇಕಾದ್ದು ಸೈಕಲ್ ಮೇಲೆಯೇ ಮಾಡುವ ಪರೀಕ್ಷೆ. ಸಾಧ್ಯವಾದರೆ ನಿಮ್ಮದೇ ಸೈಕಲ್ಲನ್ನು ಟ್ರೈನರ್‌ಗೆ (ನಿಂತಲ್ಲೇ ತುಳಿಯಲು ಸೈಕಲ್ಲನ್ನು ಹಿಡಿದಿಡುವ ಸಾಧನ) ಹಾಕಿ, ನಿಮ್ಮದೇ ಶೂ ತೊಟ್ಟು, ಹ್ಯಾಂಡಲ್ಲಿನ ಕೆಳಹಿಡಿಕೆ ಹಿಡಿದು ಬಗ್ಗಿ ಕೂತು, ನಿಧಾನವಾಗಿ ಭಾರ ಏರಿಸುತ್ತಾ ಕಾಲು ಸೋಲುವವರೆಗೆ ತುಳಿಯಬೇಕು. ನೋವು ಬರುವ ಮೊದಲೇ ನಿಲ್ಲಿಸಿದರೆ ಪರೀಕ್ಷೆ ವ್ಯರ್ಥ. ನಿಲ್ಲಿಸಿದ ಕೂಡಲೇ ಮಲಗಿಸಿ ಎರಡೂ ಹಿಮ್ಮಡಿಗಂಟಿನ ಮತ್ತು ತೋಳಿನ ರಕ್ತದೊತ್ತಡ ಅಳೆಯಬೇಕು. ಮೊದಲ ಅಳತೆ ಒಂದು ನಿಮಿಷದೊಳಗೆ ಆಗಬೇಕು, ಆಮೇಲೆ ನಿಮಿಷಕ್ಕೊಮ್ಮೆಯಂತೆ ಐದು ನಿಮಿಷವಾದರೂ ಮುಂದುವರಿಯಬೇಕು. ಒಬ್ಬರಿಂದ ಇದು ಆಗುವ ಕೆಲಸವಲ್ಲ. ಕಾಲಿಗೆ ಒಬ್ಬರಂತೆ ಇಬ್ಬರು ಕೈ ಡಾಪ್ಲರ್ ಹಿಡಿದು ಸಿದ್ಧವಾಗಿರಬೇಕು, ಬಿಪಿ ಪಟ್ಟಿಗಳನ್ನು ಮೊದಲೇ ಸುತ್ತಿಟ್ಟಿರಬೇಕು ಅಥವಾ ಕೈಗೆಟುಕುವಂತೆ ಇಟ್ಟಿರಬೇಕು. ಮನೆಯಲ್ಲಿ ಬಳಸುವ ತರಹದ ಸ್ವಯಂಚಾಲಿತ ಬಿಪಿ ಯಂತ್ರ ಇಲ್ಲಿ ಬೇಡ. ಅದು ನಿಧಾನ, ಒತ್ತಡ ತೀರಾ ಇಳಿದಿರುವ ಕಾಲಿನಲ್ಲಿ ಸರಿಯಾಗಿ ಓದುವುದೂ ಇಲ್ಲ.

ಲೆಕ್ಕ ಹೀಗೆ: ಹಿಮ್ಮಡಿಗಂಟಿನ ಒತ್ತಡವನ್ನು ತೋಳಿನ ಒತ್ತಡದಿಂದ ಭಾಗಿಸಬೇಕು. ತೋಳಿನಲ್ಲಿ 190, ಬಲಗಾಲಿನಲ್ಲಿ 150, ಎಡಗಾಲಿನಲ್ಲಿ 95 ಬಂದಿದೆ ಎನ್ನೋಣ. ಬಲಕ್ಕೆ 0.79, ಎಡಕ್ಕೆ 0.50. ಜೋರು ವ್ಯಾಯಾಮದ ನಂತರ ಆರೋಗ್ಯವಂತರಲ್ಲೂ ಈ ಅನುಪಾತ ಒಂದಕ್ಕಿಂತ ಕೆಳಗಿಳಿಯುತ್ತದೆ, ಏಕೆಂದರೆ ತೋಳಿನ ಒತ್ತಡ ಬಹಳ ಏರಿರುತ್ತದೆ. ಹಾಗಾಗಿ ವಿಶ್ರಾಂತಿಯಲ್ಲಿ ಬಳಸುವ 0.9ರ ಗೆರೆಯನ್ನು ಇಲ್ಲಿ ತಂದರೆ ಆರೋಗ್ಯವಂತರೂ ರೋಗಿಗಳಾಗುತ್ತಾರೆ. ಮೊದಲ ನಿಮಿಷದಲ್ಲಿ 0.66ಕ್ಕಿಂತ ಕಡಿಮೆ ಎಂಬುದು ಫ್ರೆಂಚ್ ತಂಡಗಳ ಕೆಲಸದಿಂದ ಬಂದು ಈಗ ಹೆಚ್ಚಾಗಿ ಬಳಕೆಯಲ್ಲಿರುವ ಗಡಿ. ಎರಡು ಕಾಲುಗಳ ನಡುವಿನ ಅಂತರವೂ, ಒತ್ತಡ ಮೊದಲಿನ ಮಟ್ಟಕ್ಕೆ ಮರಳಲು ಹಿಡಿಯುವ ಸಮಯವೂ ಅಷ್ಟೇ ಮುಖ್ಯ. ಒಂದು ಎಚ್ಚರಿಕೆ: ಕೆಲವರಲ್ಲಿ ಎರಡೂ ಕಡೆ ಕಾಯಿಲೆ ಇರುತ್ತದೆ. ಆಗ ಅಂತರ ಕಾಣುವುದಿಲ್ಲ, ಎರಡೂ ಕಾಲು ಒಟ್ಟಿಗೇ ಇಳಿದಿರುತ್ತವೆ.

ಒತ್ತಡದ ಪರೀಕ್ಷೆಯಿಂದ ಅಡಚಣೆ ಇದೆ ಎಂದು ತಿಳಿಯುತ್ತದೆ, ಎಲ್ಲಿದೆ ಎಂದು ತಿಳಿಯುವುದಿಲ್ಲ. ಅದಕ್ಕೆ ಸೊಂಟ ಬಾಗಿಸಿ, ಚಾಚಿ, ಎರಡೂ ಭಂಗಿಯಲ್ಲಿ ಡಾಪ್ಲರ್ ಸ್ಕ್ಯಾನ್ ಬೇಕು, ಆಗಬಹುದಾದರೆ ವ್ಯಾಯಾಮದ ಬೆನ್ನಿಗೇ. ರಕ್ತದ ವೇಗ ಎಲ್ಲಿ ಜಿಗಿಯುತ್ತದೆ, ಗೋಡೆ ಎಲ್ಲಿ ದಪ್ಪಗಿದೆ ಎಂಬುದನ್ನು ಕೈ ಪಳಗಿದ ತಜ್ಞರು ಇದರಲ್ಲೇ ಹಿಡಿಯುತ್ತಾರೆ. ಆಪರೇಷನ್ ಯೋಚನೆ ಇದ್ದರೆ ಎಂಆರ್ ಅಥವಾ ಸಿಟಿ ಆಂಜಿಯೋ (ರಕ್ತನಾಳಗಳ ಚಿತ್ರ ತೆಗೆಯುವ ಸ್ಕ್ಯಾನ್), ಅದನ್ನೂ ಸೊಂಟ ಬಾಗಿಸಿದ ಭಂಗಿಯಲ್ಲಿ ಒಮ್ಮೆ ಮಾಡಿಸಬೇಕು. ಸ್ಕ್ಯಾನ್ ಬುಕ್ ಮಾಡುವಾಗಲೇ ಈ ಮಾತನ್ನು ರೇಡಿಯಾಲಜಿಯವರಿಗೆ ವೈದ್ಯರ ಚೀಟಿಯಲ್ಲಿ ಬರೆಸಿ ಕೊಡಿ. ಮೊಣಕಾಲ ಕೆಳಗೆ ದಿಂಬು ಕೊಟ್ಟು ಸೊಂಟ ಬಾಗಿಸುವುದು ಕಷ್ಟದ ಕೆಲಸವೇನಲ್ಲ, ಆದರೆ ಹೇಳದಿದ್ದರೆ ಯಾರೂ ಮಾಡುವುದಿಲ್ಲ.

ತುಳಿತದ ಶಕ್ತಿಯನ್ನು ವ್ಯಾಟ್‌ನಲ್ಲಿ ಅಳೆಯುವ ಪವರ್ ಮೀಟರ್ ಇದ್ದವರು ಅದರ ದಾಖಲೆಯನ್ನೂ ತನ್ನಿ. ಹಗುರ ಸವಾರಿಯಲ್ಲಿ ಎರಡೂ ಕಾಲು ಸಮ ಇದ್ದು, ಭಾರ ಏರಿದಂತೆಲ್ಲ ಒಂದೇ ಕಾಲಿನ ಪಾಲು ಇಳಿಯುತ್ತಾ ಹೋದರೆ ಅದು ಒಳ್ಳೆಯ ಸುಳಿವು. ಎರಡೂ ಪೆಡಲ್ಲಿನಲ್ಲಿ ಬೇರೆಬೇರೆಯಾಗಿ ಅಳೆಯುವ ಮೀಟರ್ ಮಾತ್ರ ಇದಕ್ಕೆ ಆಗುತ್ತದೆ. ಎಡ ಕ್ರ್ಯಾಂಕಿನಲ್ಲಿ (ಪೆಡಲ್ ಜೋಡಿಸಿರುವ ತೋಳು) ಮಾತ್ರ ಅಳೆದು ಎರಡರಿಂದ ಗುಣಿಸುವ ಮೀಟರಿನಲ್ಲಿ ಎಡಗಾಲು ಸೋತರೆ ಒಟ್ಟು ಶಕ್ತಿಯೇ ಕುಸಿದಂತೆ ಕಾಣುತ್ತದೆ, ಬಲಗಾಲು ಸೋತರೆ ಏನೂ ಕಾಣುವುದಿಲ್ಲ.

ಭಾರತದಲ್ಲಿ ಒಂದು ವಿಷಯಕ್ಕೆ ಹೆಚ್ಚು ಗಮನ ಬೇಕು. ಚಿಕ್ಕ ವಯಸ್ಸಿನಲ್ಲಿ ಕಾಲಿನ ರಕ್ತನಾಳ ಸಣ್ಣಗಾಗುವ ಬೇರೆ ಕಾಯಿಲೆಗಳು ಯುರೋಪಿಗಿಂತ ನಮ್ಮಲ್ಲಿ ಹೆಚ್ಚು. ಬೀಡಿ ಸಿಗರೇಟು ಸೇದುವವರಲ್ಲಿ ಬರ್ಗರ್ಸ್ ಕಾಯಿಲೆ, ಹರೆಯದ ಹೆಣ್ಣುಮಕ್ಕಳಲ್ಲಿ ತಕಯಾಸು ಉರಿಯೂತ. ಇವಕ್ಕೆ ಚಿಕಿತ್ಸೆಯೇ ಬೇರೆ, ಉರಿಯೂತ ಕೆರಳಿರುವಾಗ ನಾಳ ಕತ್ತರಿಸಿ ಹೊಲಿದರೆ ಕೆಡುಕಾಗುತ್ತದೆ. ಉರಿಯೂತ ತೋರಿಸುವ ಇಎಸ್‌ಆರ್, ಸಿಆರ್‌ಪಿ ರಕ್ತಪರೀಕ್ಷೆ, ಎರಡೂ ತೋಳಿನ ಬಿಪಿ ಹೋಲಿಕೆ, ಧೂಮಪಾನದ ವಿಚಾರಣೆ, ಇವಿಷ್ಟು ಆಗದೆ ಸೈಕಲ್ಲಿನ ಮೇಲೆ ತಪ್ಪು ಹೊರಿಸಬಾರದು. ಐವತ್ತು ದಾಟಿದ, ಸಕ್ಕರೆ ಕಾಯಿಲೆ ಇರುವ ಸವಾರರಲ್ಲಿ ಮಾಮೂಲಿ ಕೊಬ್ಬಿನ ಅಡಚಣೆಯೇ ಇರುವ ಸಾಧ್ಯತೆ ಹೆಚ್ಚು. ನೋವು ಮೀನಖಂಡದಲ್ಲಿ ಮಾತ್ರ ಇದ್ದರೆ ಮಂಡಿಯ ಹಿಂದೆ ನಾಳ ಸಿಕ್ಕಿಕೊಳ್ಳುವ ತೊಂದರೆ ಮತ್ತು ಸ್ನಾಯುಕೋಶದೊಳಗೆ ಒತ್ತಡ ಏರುವ ತೊಂದರೆ, ಎರಡನ್ನೂ ನೋಡಬೇಕು.

ಆಪರೇಷನ್ ಇಲ್ಲದೆ

ದಪ್ಪವಾದ ಗೋಡೆ ತಾನಾಗಿ ತೆಳುವಾಗುವುದಿಲ್ಲ. ಆದರೆ ಸವಾರಿಯ ಜೋರು ಇಳಿಸಿದರೆ ಲಕ್ಷಣ ಇಲ್ಲದೆ ಬದುಕಬಹುದು, ಮತ್ತು ಇದು ಸೋಲಿನ ಆಯ್ಕೆಯಲ್ಲ. ಯಾವ ವ್ಯಾಟ್ ಮೇಲೆ ಕಾಲು ಹಿಡಿಯುತ್ತದೆಯೋ ಅದಕ್ಕಿಂತ ಕೆಳಗೆ ಓಡಿಸುವ ದೂರದ ಸವಾರರು ಬಹಳ ಮಂದಿ ಇದ್ದಾರೆ. 200, 300 ಕಿಮೀ ಬ್ರೆವೆ (ಗಡುವಿನೊಳಗೆ ಮುಗಿಸುವ, ಪೈಪೋಟಿಯಿಲ್ಲದ ದೂರದ ಸವಾರಿ) ಓಡಿಸಲು ಎಲ್ಲ ಏರನ್ನೂ ಓಟದ ಸ್ಪರ್ಧೆಯಂತೆ ಹತ್ತಬೇಕಿಲ್ಲ.

ಸೈಕಲ್ಲಿನ ಹೊಂದಾಣಿಕೆಯಿಂದ ಸ್ವಲ್ಪ ಗೆಲ್ಲಬಹುದು. ಗುರಿ ಒಂದೇ, ಪೆಡಲ್ ಮೇಲಕ್ಕೆ ಬಂದಾಗ ತೊಡೆ ಮತ್ತು ಹೊಟ್ಟೆಯ ನಡುವಿನ ಕೋನ ಹಿಗ್ಗಬೇಕು. ಹ್ಯಾಂಡಲ್ಲನ್ನು 2ರಿಂದ 4 ಸೆಂಮೀ ಎತ್ತರಿಸುವುದು, ಹ್ಯಾಂಡಲ್ಲನ್ನು ಸೈಕಲ್ಲಿಗೆ ಜೋಡಿಸುವ ಸ್ಟೆಮ್ ಅನ್ನು ಗಿಡ್ಡದ್ದು ಹಾಕುವುದು, 172.5 ಮಿಮೀ ಕ್ರ್ಯಾಂಕ್ ತೆಗೆದು 165 ಹಾಕುವುದು. ಕ್ರ್ಯಾಂಕ್ 7.5 ಮಿಮೀ ಗಿಡ್ಡವಾದರೆ ಕಾಲು ಕೆಳಗೆ ಚಾಚುವುದೂ ಅಷ್ಟೇ ಕಡಿಮೆಯಾಗುತ್ತದೆ, ಆದ್ದರಿಂದ ಸೀಟನ್ನು ಅಷ್ಟು ಏರಿಸಬಹುದು. ಪೆಡಲ್ ಮೇಲಿದ್ದಾಗ ಮಂಡಿ ಸೀಟಿಗೆ ಹೋಲಿಸಿದರೆ 15 ಮಿಮೀ ಕೆಳಗಿರುತ್ತದೆ, ಸೊಂಟಕ್ಕೆ ಸಿಗುವ ಬಿಡುವು ಅದೇ. ಸೀಟು ಏರಿಸಿದ ಮೇಲೆ ಹ್ಯಾಂಡಲ್ಲನ್ನೂ ಏರಿಸದಿದ್ದರೆ ಬೆನ್ನು ಮತ್ತಷ್ಟು ಬಗ್ಗಿ ಗಳಿಸಿದ್ದೆಲ್ಲ ಹೋಗುತ್ತದೆ. ಟೈಮ್ ಟ್ರಯಲ್ ಹ್ಯಾಂಡಲ್ ಬಿಡಬೇಕಾಗುತ್ತದೆ. ಮಡಿಕೆಯಷ್ಟೇ ಇರುವವರಿಗೆ ಇದರಿಂದ ಗುಣ ಸಿಗುವ ಸಾಧ್ಯತೆ ಹೆಚ್ಚು, ಗೋಡೆ ದಪ್ಪವಾದವರಿಗೆ ಕಡಿಮೆ. ಮೂರು ತಿಂಗಳು ಪ್ರಯತ್ನಿಸಿ, ಅದೇ ಏರು, ಅದೇ ವ್ಯಾಟ್ ಇಟ್ಟು ಹೋಲಿಸಿದರೆ ತಿಳಿಯುತ್ತದೆ. ಬೆಂಗಳೂರಿನವರಿಗೆ ನಂದಿ ಬೆಟ್ಟದ ರಸ್ತೆ ಇದಕ್ಕೆ ಹೇಳಿ ಮಾಡಿಸಿದ್ದು. ಬಾಗಲಕೋಟೆ, ವಿಜಯಪುರದ ಕಡೆಯ ಬಯಲು ಸವಾರರು ಎದುರುಗಾಳಿಯ ರಸ್ತೆಯನ್ನೋ ಟ್ರೈನರನ್ನೋ ನೆಚ್ಚಬೇಕು.

ಆಪರೇಷನ್ ಬೇಡವೆಂದವರು ಒಂದು ಸೂಚನೆಯನ್ನು ಮರೆಯಬಾರದು. ನಾಳದ ಒಳಪದರ ಸೀಳುವುದು, ರಕ್ತ ಹೆಪ್ಪುಗಟ್ಟಿ ನಾಳ ಪೂರ್ತಿ ಮುಚ್ಚುವುದು ಅಪರೂಪವಾದರೂ ವರದಿಯಾಗಿವೆ. ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ ಬಿಳಿಚಿಕೊಂಡರೆ, ವಿಶ್ರಾಂತಿಯಲ್ಲೂ ನೋವು ನಿಲ್ಲದಿದ್ದರೆ, ಬೆರಳು ಆಡಿಸಲಾಗದಿದ್ದರೆ ಆಗ ಗಂಟೆಗಳ ಲೆಕ್ಕ. ರಕ್ತನಾಳ ಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆಗೆ ನೇರ ಹೋಗಬೇಕು, ಬೆಳಗಾಗಲಿ ಎಂದು ಕಾಯಬಾರದು. ಹಾಗೆಯೇ, ಹಿಂದೆ 300 ವ್ಯಾಟ್‌ಗೆ ಬರುತ್ತಿದ್ದ ನೋವು 200ಕ್ಕೆ, ಆಮೇಲೆ ನಡಿಗೆಯಲ್ಲೂ ಬರತೊಡಗಿದರೆ ನಿರ್ಧಾರವನ್ನು ಮತ್ತೆ ತೆರೆಯಬೇಕು.

ಯಾವ ಆಪರೇಷನ್

ಮೊದಲು ಬೇಡವೆನ್ನಬೇಕಾದ್ದನ್ನು ಹೇಳುತ್ತೇವೆ. ಸ್ಟೆಂಟ್ ಬೇಡ. ತೊಡೆಸಂದಿನಲ್ಲಿ ಸೂಜಿ ಚುಚ್ಚಿ, ಬಲೂನಿನಿಂದ ಹಿಗ್ಗಿಸಿ, ಸ್ಟೆಂಟ್ ಕೂರಿಸಿ ಮರುದಿನ ಮನೆಗೆ ಕಳಿಸುವ ಮಾತು ಕೇಳಲು ಹಿತವಾಗಿರುತ್ತದೆ. ಆದರೆ ಈ ಗೋಡೆ ನಾರಿನದು. ಬಲೂನು ತೆಗೆದ ಕೂಡಲೇ ಮತ್ತೆ ಕುಗ್ಗುತ್ತದೆ ಅಥವಾ ಒಳಪದರ ಸೀಳುತ್ತದೆ. ಸ್ಟೆಂಟಿನ ಲೋಹ ಗಂಟೆಗೆ 5,400 ಸಲ ಬಾಗುವ ಜಾಗದಲ್ಲಿ ಕೂತರೆ ಮುರಿಯುತ್ತದೆ, ಅದರೊಳಗೆ ಅಂಗಾಂಶ ಬೆಳೆದು ನಾಳ ಮತ್ತೆ ಮುಚ್ಚುತ್ತದೆ. ಆಮೇಲೆ ಅದನ್ನು ತೆಗೆದು ಸರಿಪಡಿಸುವುದು ಮೊದಲ ಆಪರೇಷನ್ನಿಗಿಂತ ಕಷ್ಟ. 2016ರಲ್ಲಿ ಪ್ರಕಟವಾದ ಹಲವು ದೇಶಗಳ ತಜ್ಞರ ಒಮ್ಮತದ ಹೇಳಿಕೆಯೂ ಈ ಕಾಯಿಲೆಗೆ ಸ್ಟೆಂಟ್ ಪರವಾಗಿಲ್ಲ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಚೆನ್ನಾಗಿರುವ ನೆಂಟರ ಉದಾಹರಣೆ ಇಲ್ಲಿ ಹೊಂದುವುದಿಲ್ಲ.

ಗೋಡೆ ಚೆನ್ನಾಗಿದ್ದು ಮಡಿಕೆ ಮಾತ್ರ ಇದ್ದರೆ ಬಿಡುಗಡೆಯ ಆಪರೇಷನ್ ಸಾಕು. ತೊಡೆಸಂದಿನ ಮೇಲ್ಭಾಗದಲ್ಲಿ ಸಣ್ಣ ಗಾಯ ಮಾಡಿ, ಕರುಳಿನ ಚೀಲವನ್ನು ತೆರೆಯದೆ ಪಕ್ಕಕ್ಕೆ ಸರಿಸಿ ನಾಳವನ್ನು ತಲುಪುತ್ತಾರೆ. ಸೋಯಾಸ್ ಸ್ನಾಯುವಿಗೆ ಹೋಗುವ, ನಾಳವನ್ನು ಎಳೆದು ಹಿಡಿದಿರುವ ಕವಲನ್ನು ಕಟ್ಟಿ ಕತ್ತರಿಸುತ್ತಾರೆ, ಸುತ್ತಲಿನ ನಾರನ್ನು ಬಿಡಿಸುತ್ತಾರೆ. ನಾಳವನ್ನು ತೆರೆಯುವುದೇ ಇಲ್ಲ. ಆದ್ದರಿಂದ ಅಪಾಯ ಕಡಿಮೆ, ಚೇತರಿಕೆ ಬೇಗ. ಆದರೆ ಗೋಡೆ ಆಗಲೇ ದಪ್ಪವಾಗಿರುವವರಿಗೆ ಇಷ್ಟನ್ನೇ ಮಾಡಿ ಮುಗಿಸಿದರೆ ಲಕ್ಷಣ ಹಾಗೆಯೇ ಉಳಿಯುತ್ತದೆ.

ಗೋಡೆ ದಪ್ಪವಾಗಿದ್ದರೆ ನಾಳವನ್ನು ಉದ್ದಕ್ಕೆ ಸೀಳಿ, ಒಳಗಿನ ನಾರಿನ ಪದರವನ್ನು ಕೆತ್ತಿ ತೆಗೆದು, ಸೀಳಿನ ಮೇಲೆ ತೇಪೆ ಹೊಲಿಯುತ್ತಾರೆ. ತೇಪೆಗೆ ಸಾಮಾನ್ಯವಾಗಿ ರೋಗಿಯದೇ ಕಾಲಿನ ಸಫೀನಸ್ ಸಿರೆಯ ತುಂಡು, ಕೆಲವೆಡೆ ದನದ ಹೃದಯದ ಹೊರಪೊರೆಯಿಂದ ತಯಾರಿಸಿದ ಪ್ಯಾಚ್. ಸಿರೆ ಸ್ವಂತದ್ದು, ಸೋಂಕಿಗೆ ಸುಲಭವಾಗಿ ಬಗ್ಗುವುದಿಲ್ಲ, ಆದರೆ ವರ್ಷಗಳಲ್ಲಿ ಉಬ್ಬಬಹುದು. ಹಿಮ್ಮಡಿಗಂಟಿನ ಬಳಿಯ ತೆಳು ಸಿರೆಗಿಂತ ತೊಡೆಯ ಮೇಲ್ಭಾಗದ ಸಿರೆ ಗಟ್ಟಿ. ಎಲ್ಲಿಂದ ತೆಗೆಯುತ್ತೀರಿ ಎಂದು ಕೇಳಿ. ನಾಳ ತೀರಾ ಉದ್ದವಾಗಿದ್ದರೆ ಒಂದು ತುಂಡು ತೆಗೆದು ಗಿಡ್ಡ ಮಾಡಿ ಮತ್ತೆ ಜೋಡಿಸುವುದೂ ಉಂಟು. ಕಾಯಿಲೆ ಉದ್ದಕ್ಕೂ ಹಬ್ಬಿದ್ದರೆ ಆ ಭಾಗವನ್ನೇ ತೆಗೆದು ಸಿರೆಯ ಅಥವಾ ಕೃತಕ ನಾಳ ಕೂರಿಸುತ್ತಾರೆ. ಕೃತಕ ನಾಳಕ್ಕೆ ಸೋಂಕು ತಗುಲಿದರೆ ಕಥೆ ದೊಡ್ಡದಾಗುತ್ತದೆ, ಚಿಕ್ಕ ವಯಸ್ಸಿನವರಲ್ಲಿ ಅದು ಕೊನೆಯ ಆಯ್ಕೆಯಾಗಿರಲಿ.

ಅಪಾಯಗಳಲ್ಲಿ ಚಿಕ್ಕವು ಹೆಚ್ಚು ಸಲ ಆಗುತ್ತವೆ: ತೊಡೆಯ ಮುಂಭಾಗ ಅಥವಾ ತೊಡೆಸಂದಿನಲ್ಲಿ ತಿಂಗಳುಗಟ್ಟಲೆ ಮರಗಟ್ಟುವಿಕೆ, ಗಾಯದಿಂದ ದುಗ್ಧರಸ ಸೋರಿ ಗಂಟು ಕಟ್ಟುವುದು, ಗಾಯದ ಸೋಂಕು. ದೊಡ್ಡವು ಅಪರೂಪ, ಆದರೆ ನಿಜ: ಹೊಲಿಗೆಯಿಂದ ರಕ್ತಸ್ರಾವ, ನಾಳದಲ್ಲಿ ಹೆಪ್ಪು, ಸಿರೆಯಲ್ಲಿ ಹೆಪ್ಪು ಕಟ್ಟಿ ಶ್ವಾಸಕೋಶಕ್ಕೆ ಹೋಗುವುದು, ತೇಪೆ ಒಡೆಯುವುದು. ಮಾಮೂಲಿ ಜೀವನಕ್ಕೆ ತೊಂದರೆಯಿಲ್ಲದ ಆರೋಗ್ಯವಂತ ವ್ಯಕ್ತಿಯೊಬ್ಬರು ಜೀವಕ್ಕೆ ಸಣ್ಣ ಅಪಾಯವಿರುವ ಆಪರೇಷನ್ ಮೇಜಿನ ಮೇಲೆ ಮಲಗುತ್ತಿದ್ದಾರೆ ಎಂಬುದನ್ನು ಮನೆಯವರೂ ತಿಳಿದಿರಬೇಕು.

ಫಲ ಹೇಗೆ? ಬಹುಪಾಲು ಮಂದಿ ಸುಧಾರಿಸುತ್ತಾರೆ, ಎಲ್ಲರೂ ಹಳೆಯ ಮಟ್ಟಕ್ಕೆ ಮರಳುವುದಿಲ್ಲ, ಕೆಲವರಿಗೆ ಮತ್ತೆ ಬರುತ್ತದೆ. ಪ್ರಸಿದ್ಧ ಸವಾರರಲ್ಲಿ ಮೂರೂ ಬಗೆ ಕಾಣಸಿಗುತ್ತವೆ. ಫ್ರಾನ್ಸ್‌ನ ಪೊಲೀನ್ ಫೆರಾಂ-ಪ್ರೆವೊ 2019ರ ಆರಂಭದಲ್ಲಿ ಆಪರೇಷನ್ ಮಾಡಿಸಿಕೊಂಡು ಅದೇ ವರ್ಷ ಮೌಂಟನ್ ಬೈಕ್ ವಿಶ್ವ ಚಾಂಪಿಯನ್ ಆದರು. ಆದರೆ ತೊಂದರೆ ಮರಳಿ ಮತ್ತೊಮ್ಮೆ ಆಪರೇಷನ್ ಬೇಕಾಯಿತು. ಆಮೇಲೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದರು. ನೆದರ್ಲ್ಯಾಂಡ್ಸ್‌ನ ಮರಿಯಾನ ವೋಸ್ 2023ರಲ್ಲಿ ಇದೇ ನಾಳದ ಚಿಕಿತ್ಸೆಗಾಗಿ ಋತುವನ್ನು ಅರ್ಧಕ್ಕೇ ಬಿಟ್ಟು, ಪ್ಯಾರಿಸ್‌ನಲ್ಲಿ ರಸ್ತೆ ಸ್ಪರ್ಧೆಯ ಬೆಳ್ಳಿ ಪಡೆದರು. ಇಟಲಿಯ ಫಾಬಿಯೋ ಅರು 2019ರಲ್ಲಿ ಆಪರೇಷನ್ ಆದ ಕೆಲವೇ ತಿಂಗಳಲ್ಲಿ ಟೂರ್ ದ ಫ್ರಾನ್ಸ್ ಪೂರ್ತಿಗೊಳಿಸಿದರು, ಆದರೆ ಅವರ ಹಿಂದಿನ ಗೆಲುವಿನ ಮಟ್ಟ ಮರಳಲಿಲ್ಲ, 2021ರಲ್ಲಿ ನಿವೃತ್ತರಾದರು. ಇವರಿಗೆಲ್ಲ ತಂಡದ ವೈದ್ಯರು, ಫಿಸಿಯೋ, ಸಂಬಳದ ರಜೆ ಇತ್ತು ಎಂಬುದನ್ನೂ ಗಮನಿಸಬೇಕು.

ನಿರ್ಧಾರ

ನಮ್ಮ ಅಭಿಪ್ರಾಯ ಹೀಗಿದೆ. ವ್ಯಾಯಾಮದ ನಂತರದ ಒತ್ತಡದ ಅಳತೆ ಸ್ಪಷ್ಟವಾಗಿ ಕೆಟ್ಟಿರಬೇಕು, ಅಡಚಣೆಯ ಜಾಗ ಸ್ಕ್ಯಾನಿನಲ್ಲಿ ಕಂಡಿರಬೇಕು, ಎರಡೂ ಒಂದೇ ಕಾಲಿನದಾಗಿರಬೇಕು. ಮೂರರಲ್ಲಿ ಒಂದು ತಪ್ಪಿದರೂ ಆಪರೇಷನ್ ಬೇಡ, ಪರೀಕ್ಷೆಯನ್ನೇ ಇನ್ನೊಮ್ಮೆ ಮಾಡಿಸಿ. ಮೂರೂ ಸರಿಯಿದ್ದು, ಸ್ಪರ್ಧೆ ನಿಮ್ಮ ವೃತ್ತಿಯಾಗಿದ್ದರೆ ಅಥವಾ ಮುಂದಿನ ಐದಾರು ವರ್ಷ ಸ್ಪರ್ಧೆಗೇ ಕೊಡುವುದೆಂದು ನಿಶ್ಚಯಿಸಿದ್ದರೆ ಆಪರೇಷನ್ನಿಗೆ ಅರ್ಥವಿದೆ. ಸ್ಪೋರ್ಟ್ಸ್ ಹಾಸ್ಟೆಲ್ಲಿನಲ್ಲಿರುವ ಇಪ್ಪತ್ತರ ಹುಡುಗಿಯ ಲೆಕ್ಕವೂ, ವಾರಾಂತ್ಯದಲ್ಲಿ ಗೆಳೆಯರೊಡನೆ ನಂದಿಗೆ ಹೋಗುವ ನಲವತ್ತೈದರ ಇಂಜಿನಿಯರ ಲೆಕ್ಕವೂ ಒಂದೇ ಆಗುವುದಿಲ್ಲ. ಎರಡನೆಯವರಿಗೆ ನಾವು ಮೊದಲು ಕ್ರ್ಯಾಂಕ್ ಬದಲಿಸಿ, ಏರಿನ ವೇಗ ಇಳಿಸಿ ಒಂದು ವರ್ಷ ನೋಡಿ ಎನ್ನುತ್ತೇವೆ. ಮಡಿಕೆ ಮಾತ್ರ ಇದ್ದು, ಬಿಡುಗಡೆಯ ಆಪರೇಷನ್ ಸಾಕೆಂದು ಖಚಿತವಾದವರು ಸ್ವಲ್ಪ ಬೇಗ ಒಪ್ಪಬಹುದು. ನಾಳ ತೆರೆದು ತೇಪೆ ಹಾಕುವುದಾದರೆ ನಿಧಾನಿಸಿ.

ಸರ್ಜನ್‌ಗೆ ನೇರವಾಗಿ ಕೇಳಬೇಕಾದ್ದು: ಸವಾರರ ಈ ಕಾಯಿಲೆಗೆ ಎಷ್ಟು ಆಪರೇಷನ್ ಮಾಡಿದ್ದೀರಿ? ಕೊಬ್ಬಿನ ಅಡಚಣೆಗೆ ಸಾವಿರ ಮಾಡಿರಬಹುದು, ಅದು ಬೇರೆ ವಿದ್ಯೆ. ನಾಳ ತೆರೆದ ಮೇಲೆ ಮಡಿಕೆಯ ಕಾರಣವನ್ನೂ ಬಿಡಿಸುತ್ತೀರಾ? ತೇಪೆ ಯಾವುದು? ತೆಗೆದ ಪದರವನ್ನು ಪ್ಯಾಥಾಲಜಿಗೆ ಕಳಿಸುತ್ತೀರಾ? ಆಮೇಲೆ ಸೈಕಲ್ ಮೇಲೆ ಕೂರಿಸಿ ಒತ್ತಡ ಅಳೆಯುತ್ತೀರಾ? ಬೆಂಗಳೂರಿನಂಥ ನಗರಗಳಲ್ಲಿ ಒಳ್ಳೆಯ ವ್ಯಾಸ್ಕ್ಯುಲರ್ ಸರ್ಜನ್‌ಗಳಿಗೆ ಕೊರತೆಯಿಲ್ಲ, ಆದರೆ ಈ ಕಾಯಿಲೆ ಯಾರ ಬಳಿಗೂ ಹೆಚ್ಚು ಬರುವುದಿಲ್ಲ. ಅನುಭವ ಕಡಿಮೆ ಎಂದು ಒಪ್ಪಿಕೊಂಡು, ಯುರೋಪಿನ ಕೇಂದ್ರದೊಡನೆ ಸ್ಕ್ಯಾನ್ ಹಂಚಿಕೊಂಡು ಸಲಹೆ ಪಡೆಯುವ ಸರ್ಜನ್ ನಮ್ಮ ದೃಷ್ಟಿಯಲ್ಲಿ ಹೆಚ್ಚು ನಂಬಿಕೆಗೆ ಅರ್ಹರು. ಇನ್ಶೂರೆನ್ಸಿನ ಪೂರ್ವಾನುಮತಿಗೆ ಸೈಕಲ್ ಪರೀಕ್ಷೆಯ ಅಂಕಿಗಳಿರುವ ಪತ್ರ ಬೇಕು. ವಿಶ್ರಾಂತಿಯ ನಾರ್ಮಲ್ ಡಾಪ್ಲರ್ ವರದಿಯನ್ನಷ್ಟೇ ಕಳಿಸಿದರೆ ತಿರಸ್ಕಾರವಾಗುವುದು ಸಹಜ.

ಆಪರೇಷನ್ ನಂತರ

ಮರುದಿನವೇ ನಡೆಸುತ್ತಾರೆ, ಮೂರರಿಂದ ಐದು ದಿನದಲ್ಲಿ ಮನೆಗೆ ಕಳಿಸುತ್ತಾರೆ. ತೇಪೆ ಹಾಕಿದ್ದರೆ ಮೊದಲ ಆರು ವಾರ ಸೊಂಟವನ್ನು 90 ಡಿಗ್ರಿಗಿಂತ ಹೆಚ್ಚು ಬಾಗಿಸಬಾರದು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಊಟ, ಭಾರತೀಯ ಶೌಚಾಲಯದಲ್ಲಿ ಕುಕ್ಕರಗಾಲು, ತಗ್ಗಿನ ಸೋಫಾ, ಬೈಕಿನ ಹಿಂದಿನ ಸೀಟು, ಎಲ್ಲವೂ ಈ ಮಿತಿ ದಾಟುತ್ತವೆ. ಯುರೋಪಿನ ಸೂಚನಾಪತ್ರಗಳಲ್ಲಿ ಇವು ಇರುವುದಿಲ್ಲ, ಆದ್ದರಿಂದ ಆಪರೇಷನ್ನಿಗೆ ಮೊದಲೇ ಮನೆಯಲ್ಲಿ ಎತ್ತರದ ಕುರ್ಚಿ ಮತ್ತು ಕಮೋಡ್ ವ್ಯವಸ್ಥೆ ಮಾಡಿಟ್ಟುಕೊಳ್ಳಿ. ಆಸ್ಪಿರಿನ್ ತಿಂಗಳುಗಟ್ಟಲೆ, ಕೆಲವರಿಗೆ ಇನ್ನೂ ದೀರ್ಘ. ಆರು ವಾರದ ಸುಮಾರಿಗೆ ಹ್ಯಾಂಡಲ್ ಎತ್ತರಿಸಿದ ಸೈಕಲ್ಲನ್ನು ಟ್ರೈನರಿನಲ್ಲಿ ಹಗುರವಾಗಿ 20 ನಿಮಿಷ ತುಳಿಯಬಹುದು, ರಸ್ತೆಗೆ ಎರಡು ತಿಂಗಳ ನಂತರ, ಜೋರು ಅಭ್ಯಾಸ ಮೂರು ತಿಂಗಳ ನಂತರ, ಸ್ಪರ್ಧೆ ನಾಲ್ಕರಿಂದ ಆರು ತಿಂಗಳಿಗೆ. ಬಿಡುಗಡೆ ಮಾತ್ರ ಆಗಿದ್ದರೆ ಇದರ ಅರ್ಧ ಸಮಯ ಸಾಕಾಗಬಹುದು. ನಿಮ್ಮ ಸರ್ಜನ್ ಬೇರೆ ಗಡುವು ಹೇಳಿದರೆ ಅದೇ ಸರಿ, ಹೊಲಿಗೆ ಹೇಗಿದೆ ಎಂದು ಕಂಡವರು ಅವರು. ಮೊದಲ ತಿಂಗಳುಗಳಲ್ಲಿ ಗುಂಪಿನೊಳಗೆ ಓಡಿಸಬೇಡಿ, ಬಿದ್ದಾಗ ಹ್ಯಾಂಡಲ್ಲಿನ ತುದಿ ತೊಡೆಸಂದಿಗೆ ಬಡಿದರೆ ಹೊಸ ಹೊಲಿಗೆಗೆ ಅದು ದೊಡ್ಡ ಪೆಟ್ಟು.

ಮೂರು ಅಥವಾ ಆರು ತಿಂಗಳಿಗೆ ಅದೇ ಸೈಕಲ್ ಪರೀಕ್ಷೆಯನ್ನು, ಅದೇ ಭಂಗಿಯಲ್ಲಿ, ಅದೇ ಭಾರಕ್ಕೆ ಮತ್ತೆ ಮಾಡಿಸಿ, ಹಳೆಯ ಅಂಕಿಗಳ ಪಕ್ಕದಲ್ಲಿಟ್ಟು ನೋಡಬೇಕು. ಆಮೇಲೆ ವರ್ಷಕ್ಕೊಮ್ಮೆ ಡಾಪ್ಲರ್: ತೇಪೆ ಉಬ್ಬುತ್ತಿದೆಯೇ, ತೇಪೆಯ ಎರಡು ತುದಿಗಳಲ್ಲಿ ನಾಳ ಮತ್ತೆ ಸಣ್ಣಗಾಗುತ್ತಿದೆಯೇ ಎಂದು. ಎರಡನೆಯ ಕಾಲನ್ನೂ ಅದೇ ದಿನ ಅಳೆಸಿ. ಅದೂ ಅಷ್ಟೇ ವರ್ಷ, ಅಷ್ಟೇ ಲಕ್ಷ ಸಲ ಬಾಗಿದ ಕಾಲು. ಕ್ರ್ಯಾಂಕ್ ಮತ್ತು ಹ್ಯಾಂಡಲ್ಲನ್ನು ಹಳೆಯ ಅಳತೆಗೆ ಮರಳಿಸುವ ವಿಚಾರವನ್ನು ಈ ವರದಿ ಕೈಗೆ ಬಂದ ಮೇಲಷ್ಟೇ ಎತ್ತಿಕೊಳ್ಳಿ.